ಕಟಕಟೆಗೆ ಹೋಗುವ ಮುನ್ನ ಮನಸ್ಸಿಗೊಂದು ತಯಾರಿ

ಅತ್ಯಾಚಾರದ ಕೇಸಿನಲ್ಲಿ ಸಾಕ್ಷಿ ಹೇಳಲು ಸಮನ್ಸ್ ಬಂದರೆ, ನೊಂದ ಹೆಣ್ಣುಮಗಳಿಗೆ ಹಳೇ ಭಯವೆಲ್ಲ ತಿರುಗಿ ಬರಬಹುದು. ನಿದ್ದೆ ಹಾರುತ್ತದೆ, ಊಟ ಸೇರುವುದಿಲ್ಲ, ಎದೆ ಸುಮ್ನೆ ಡವಗುಟ್ಟುತ್ತದೆ. ಪೆಟ್ಟು ತಿಂದ ಮನಸ್ಸು ಹೀಗೇ ಮಾಡುತ್ತದೆ, ನಿಮಗೇನೂ ಹುಚ್ಚು ಹಿಡಿದಿಲ್ಲ.

ಮೊದಲು ವಕೀಲರನ್ನು ನೋಡಿ. ಕೇಸು ನಡೆಸುವವರು ಸರ್ಕಾರಿ ವಕೀಲರು. ತಾರೀಖಿಗೆ ಮುಂಚೆಯೇ ಅವರನ್ನು ಕಂಡು, ಮ್ಯಾಜಿಸ್ಟ್ರೇಟರ ಮುಂದೆ ನೀವು ಕೊಟ್ಟ ಹೇಳಿಕೆ ಓದಲು ಸಿಗುತ್ತದೆಯೇ ಎಂದು ಕೇಳಿ. ಅವರಿಗೆ ಪುರುಸೊತ್ತು ಕಡಿಮೆ. ಹಾಗಾಗಿ ಧಾರವಾಡದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ನಿಮ್ಮ ಕಡೆಯಿಂದ ಒಬ್ಬ ವಕೀಲರನ್ನು ಕೇಳಿಕೊಳ್ಳಿ. ಹೆಂಗಸರಿಗೆ ಇದು ಉಚಿತ, ಆದಾಯ ಎಷ್ಟಿದ್ದರೂ ಸರಿ. ಸಹಾಯವಾಣಿ 15100.

ಇಂಥ ಕೇಸು ಮುಚ್ಚಿದ ಬಾಗಿಲ ಹಿಂದೆ ನಡೆಯಬೇಕೆಂದು ಕಾನೂನೇ ಹೇಳುತ್ತದೆ. ಆರೋಪಿಯ ಮುಖ ಕಾಣದಂತೆ ಪರದೆ ಬೇಕಿದ್ದರೆ, ಒಳಗೆ ನಂಬಿಕೆಯವರೊಬ್ಬರು ಕೂರಬೇಕಿದ್ದರೆ ಮುಂಚೆಯೇ ಅರ್ಜಿ ಹಾಕಿಸಿ. ಒಂದು ಮಾತು: ಅವ್ವನೂ ಅದೇ ಕೇಸಿನಲ್ಲಿ ಸಾಕ್ಷಿಯಾಗಿದ್ದರೆ ಅವರನ್ನು ಹೊರಗೆ ಕೂರಿಸುತ್ತಾರೆ. ಬೇರೆಯವರನ್ನು ಕರೆದೊಯ್ಯಿರಿ.

ಜಾಸ್ತಿ ಹೆದರಿಸುವುದು ಪಾಟೀ ಸವಾಲು, ಅಂದರೆ ಆರೋಪಿ ಕಡೆಯ ವಕೀಲರು ಕೇಳುವ ಪ್ರಶ್ನೆಗಳು. ಆಘಾತದ ನೆನಪು ಸಾಲಾಗಿ ಬರುವುದಿಲ್ಲ. ವಾಸನೆ, ಸದ್ದು ಇವತ್ತಿಗೂ ನೆನಪಿರುತ್ತದೆ, ಗಂಟೆ ಎಷ್ಟಾಗಿತ್ತು ಅನ್ನುವುದು ಮರೆತಿರುತ್ತದೆ. ಎದುರು ವಕೀಲರು ಹಿಡಿಯುವುದು ಇದನ್ನೇ. ಅಂದಾಜಿನ ಮೇಲೆ ಉತ್ತರ ಕೊಡಬೇಡಿ. "ನೆನಪಿಲ್ಲ" ಅನ್ನುವುದೂ ಉತ್ತರವೇ. ಪ್ರಶ್ನೆ ತಿಳಿಯದಿದ್ದರೆ ಇನ್ನೊಮ್ಮೆ ಕೇಳಿಸಿಕೊಳ್ಳಿ. ನಿಮ್ಮ ಹಿಂದಿನ ಸಂಬಂಧಗಳನ್ನು ಕೆದಕಿ, ನೀವು ಒಪ್ಪಿದ್ದಿರಿ ಎಂದು ತೋರಿಸಲು ಕಾನೂನು ಬಿಡುವುದಿಲ್ಲ. ಉಸಿರು ಕಟ್ಟಿದಂತಾದರೆ ಅಂಗಾಲನ್ನು ನೆಲಕ್ಕೆ ಒತ್ತಿ, ಉಸಿರನ್ನು ನಿಧಾನಕ್ಕೆ ಉದ್ದವಾಗಿ ಬಿಡಿ. ನೀರು ಬೇಕು, ಸ್ವಲ್ಪ ಸುಧಾರಿಸಿಕೊಳ್ಳಬೇಕು ಎಂದು ಜಡ್ಜ್ ಅವರನ್ನೇ ಕೇಳಬಹುದು.

"ಮಂದಿ ಏನಂತಾರ, ರಾಜಿ ಮಾಡ್ಕೊಂಡುಬಿಡವ್ವ" ಎನ್ನುವ ಹಿರಿಯರು ಎಲ್ಲ ಊರಲ್ಲೂ ಇದ್ದಾರೆ. ಇಂಥ ಕೇಸಿನಲ್ಲಿ ರಾಜಿಯ ಮಾತನ್ನು ಜಡ್ಜ್‌ಗಳೇ ಎತ್ತಬಾರದೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಇನ್ನು ಊರ ಹಿರಿಯರದ್ದೇನು? ಬೆದರಿಕೆ ಹಾಕಿದರೆ ಪೊಲೀಸರಿಗೆ ತಿಳಿಸಿ, ಸಾಕ್ಷಿ ರಕ್ಷಣೆಗೆ ಅರ್ಜಿ ಕೊಡಿ.

ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಬಂದು, ದಿನವಿಡೀ ಕಾದ ಮೇಲೆ ತಾರೀಖು ಮುಂದಕ್ಕೆ ಹೋಗುವುದೂ ಉಂಟು. ನನಗನಿಸುವಂತೆ ಮನಸ್ಸು ಕುಸಿಯುವುದು ಅಲ್ಲೇ. ಆ ಸಂಜೆ ಒಬ್ಬರೇ ಇರಬೇಡಿ. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಇರುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ರಾತ್ರಿಯೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಿದ್ದೆ ಬಾರದ ರಾತ್ರಿಗಳು ಮುಂದುವರಿದರೆ ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ. ಡಾಕ್ಟರಿಗೆ ತೋರಿಸಿದ ಮಾತ್ರಕ್ಕೆ ನಿಮ್ಮ ಸಾಕ್ಷಿ ಸುಳ್ಳಾಗುವುದಿಲ್ಲ.