ನಾಲ್ಕಿಂಚೋ ಎಂಟಿಂಚೋ: ಮನೆ ವ್ಯಾಯಾಮಕ್ಕೆ ಸ್ಟೆಪ್ ಆರಿಸಿದ್ದು

ಜೂನ್ ಹಿಡಿದರೆ ಶಿವಮೊಗ್ಗದಲ್ಲಿ ಬೆಳಗಿನ ವಾಕಿಂಗ್ ಅನ್ನುವುದು ಬರೀ ಬಾಯಿಮಾತು. ಕೊಡೆ ಹಿಡಿದು ನಡೆದರೆ ಕೈ ಸೋಲುತ್ತದೆ, ಕಾಲಿಗೆ ಏನೂ ಆಗುವುದಿಲ್ಲ. ಅದೂ ಅಲ್ಲದೆ, ನಲವತ್ತೈದು ದಾಟಿದ ಹೆಂಗಸಿಗೆ ತೊಡೆ ಗಟ್ಟಿಯಾಗಿರಬೇಕಾದರೆ ನಡಿಗೆಯೊಂದೇ ಸಾಲದು ಅನ್ನುವವಳು ನಾನು. ಗೋಪಾಳದ ನಮ್ಮ ಮನೆಯ ಹಾಲ್‌ನಲ್ಲಿ ಟೀಪಾಯಿ ಸರಿಸಿದರೆ ಸಿಗುವಷ್ಟು ಜಾಗದಲ್ಲೇ ಸ್ಟೆಪ್ (ವ್ಯಾಯಾಮಕ್ಕೆಂದು ಹತ್ತಿ ಇಳಿಯುವ ತಗ್ಗು ಪೀಠ), ಡಂಬೆಲ್ ಇಟ್ಟುಕೊಂಡಿದ್ದೇನೆ. ನೋಡಿದವರೆಲ್ಲ ಯಾವ ಕಂಪನಿಯದ್ದು, ಎಷ್ಟು ಕೊಟ್ಟಿರಿ ಎಂದು ಕೇಳುತ್ತಾರೆ. ಎಷ್ಟು ಎತ್ತರದ್ದು ಎಂದು ಕೇಳಿದವರು ಕಡಿಮೆ.

ಕೊಳ್ಳುವ ಮೊದಲು ಟೇಪು ಹಿಡಿದು ಮನೆಯ ಮೆಟ್ಟಿಲು ಅಳೆದೆ. ಆರೂವರೆ ಇಂಚು. ಈಗಿನ ಮನೆಗಳಲ್ಲಿ ಹೆಚ್ಚುಕಡಿಮೆ ಆರರಿಂದ ಏಳು ಇಂಚೇ ಇರುತ್ತದೆ. ತೀರ್ಥಹಳ್ಳಿ ಕಡೆಯ ನಮ್ಮ ಅತ್ತೆಮನೆಯ ಜಗಲಿ ಮೆಟ್ಟಿಲು ಜಂಬಿಟ್ಟಿಗೆಯದು. ಒಂದು ಎಂಟಿಂಚು, ಅದರ ಮೇಲಿನದು ಹತ್ತು. ಅದರ ಮೇಲೆ ವ್ಯಾಯಾಮ ಬೇಡ. ಮನೆಯೊಳಗೆ ಕಟ್ಟಿರುವ ಕೆಳಗಿನ ಮೆಟ್ಟಿಲು, ಪಕ್ಕದಲ್ಲಿ ಹಿಡಿಯಲು ಕಂಬಿ, ಶುರುಮಾಡಲು ಇಷ್ಟು ಸಾಕು. ಖರ್ಚೂ ಇಲ್ಲ.

ಎತ್ತರ ನಮಗೆ ಒಗ್ಗುತ್ತದೋ ಇಲ್ಲವೋ ನೋಡಲು ನಾನು ಮಾಡುವ ಪರೀಕ್ಷೆ ಹೀಗಿದೆ. ಒಂದು ಪಾದವನ್ನು ಹಿಮ್ಮಡಿ ಸಮೇತ ಪೂರ್ತಿ ಮೆಟ್ಟಿಲ ಮೇಲೆ ಊರಬೇಕು. ನೆಲದ ಮೇಲಿರುವ ಕಾಲಿನ ಬೆರಳುಗಳನ್ನು ಎತ್ತಿ, ಹಿಮ್ಮಡಿ ಮಾತ್ರ ತಾಗಿರುವಂತೆ ನಿಲ್ಲಬೇಕು. ಆಮೇಲೆ ಏಳಬೇಕು. ಬೆರಳು ಎತ್ತಿದ ಕಾಲಿಗೆ ಚಿಮ್ಮಲು ಬರುವುದಿಲ್ಲ, ಕೆಲಸವೆಲ್ಲ ಮೇಲಿನ ಕಾಲಿನದೇ. ಮೆಟ್ಟಿಲು ಹತ್ತುವಾಗ ನಾವು ಕೆಳಗಿನ ಕಾಲಿಂದ ಎಷ್ಟು ಕದಿಯುತ್ತೇವೆ ಅನ್ನುವುದು ಆಗ ಗೊತ್ತಾಗುತ್ತದೆ. ಇಳಿಯುವಾಗ ಮನಸ್ಸಿನಲ್ಲೇ ಮೂರು ಎಣಿಸುತ್ತ ಇಳಿಯಬೇಕು. ದಪ್ಪನೆ ಬಿದ್ದರೆ, ಮಂಡಿ ಒಳಮುಖವಾಗಿ ವಾಲಿದರೆ, ಸೊಂಟ ಒಂದು ಕಡೆ ಕುಸಿದರೆ ಆ ಎತ್ತರ ಇನ್ನೂ ನಮ್ಮದಲ್ಲ. ಪಾದ ಮೇಲಿಟ್ಟು ನಿಂತಾಗ ಮಂಡಿ ಸೊಂಟಕ್ಕಿಂತ ಮೇಲೆ ಹೋದರಂತೂ ನೋಡುವುದೇ ಬೇಡ, ಜಾಸ್ತಿಯಾಯಿತು. ಮಂಡಿನೋವು ಇರುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಅಂಥವರು ಮೊದಲು ಡಾಕ್ಟರನ್ನೋ ಫಿಸಿಯೋಥೆರಪಿಸ್ಟರನ್ನೋ ಕಂಡು ಬರಲಿ.

ಎರಡಿಂಚು ಏನು ಮಹಾ ಎನ್ನುವವರಿಗೆ ಒಂದು ಲೆಕ್ಕ. ನನ್ನ ತೂಕ 62 ಕೆ.ಜಿ. ಆರಿಂಚಿನಿಂದ ಎಂಟಿಂಚಿಗೆ ಹೋದರೆ ಪ್ರತಿ ಸಲ ಮೈಯನ್ನು ಮೂರನೇ ಒಂದು ಭಾಗದಷ್ಟು ಹೆಚ್ಚು ಎತ್ತಬೇಕು. ಆರಿಂಚಿನಲ್ಲೇ ನಿಂತು ಅಷ್ಟು ಕೆಲಸ ಮಾಡಬೇಕೆಂದರೆ ಕೈಯಲ್ಲಿ ಹೆಚ್ಚುಕಡಿಮೆ 20 ಕೆ.ಜಿ. ಭಾರ ಹಿಡಿಯಬೇಕಾಗುತ್ತದೆ. ಜೊತೆಗೆ ಮಂಡಿ ಇನ್ನಷ್ಟು ಮಡಿಯುತ್ತದೆ, ಅದು ಈ ಲೆಕ್ಕದೊಳಗೆ ಬರುವುದೇ ಇಲ್ಲ. ಆದ್ದರಿಂದ ನಾನು ಎತ್ತರವನ್ನೂ ಭಾರವನ್ನೂ ಒಂದೇ ವಾರ ಏರಿಸುವುದಿಲ್ಲ. ಒಂದೊಂದು ಕಾಲಿಗೆ ಹನ್ನೆರಡು ಸಲ ನಿಧಾನವಾಗಿ ಆಗತೊಡಗಿದರೆ ಮೊದಲು ಡಂಬೆಲ್, ಅದೂ ಹಗುರ ಅನ್ನಿಸಿದ ಮೇಲೆ ಡಂಬೆಲ್ ಕೆಳಗಿಟ್ಟು ಎರಡಿಂಚು.

ಅಕ್ಕನ ಮಗ ಬೆಂಗಳೂರಿನಲ್ಲಿ ಜಿಮ್ಮಿಗೆ ಹೋಗುವವನು. "ಎಂತ ಚಿಕ್ಕಮ್ಮ, ಇಪ್ಪತ್ತಿಂಚಿನ ಬಾಕ್ಸ್ ತಗಳಿ, ಅದೇ ಸ್ಟ್ಯಾಂಡರ್ಡು" ಅಂದ. ಇಪ್ಪತ್ತಿಂಚು ಹಾರ್ವರ್ಡ್ ಸ್ಟೆಪ್ ಟೆಸ್ಟಿನ ಎತ್ತರ. ಎರಡನೇ ಮಹಾಯುದ್ಧದ ಕಾಲದಲ್ಲಿ ಗಂಡಾಳುಗಳ ದಮ್ಮು ಪರೀಕ್ಷಿಸಲು ಮಾಡಿದ್ದು, ನಿಮಿಷಕ್ಕೆ 30 ಸಲದಂತೆ ಐದು ನಿಮಿಷ ಹತ್ತಿಳಿಯಬೇಕು. ಆರಡಿಯ ಅವನಿಗೆ ಅದು ಸರಿಯಿರಬಹುದು, ಐದಡಿ ಎರಡಿಂಚಿನ ನನಗೆ ಅದು ಗೋಡೆ. ಇನ್ನು ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಸ್ಟೆಪ್ಪು 1980ರ ದಶಕದ ಕೊನೆಗೆ ಅಮೆರಿಕದಲ್ಲಿ ಶುರುವಾದ ಸ್ಟೆಪ್ ಏರೋಬಿಕ್ಸಿನದು. ತಾಳಕ್ಕೆ ಸರಿಯಾಗಿ ಪಟಪಟ ಹತ್ತಿಳಿಯಲಿ ಎಂದು ಅದನ್ನು ತಗ್ಗಾಗಿಯೇ ಮಾಡಿರುತ್ತಾರೆ. ತಳ ನಾಲ್ಕಿಂಚು, ಅಡಿಗೆ ಸಿಕ್ಕಿಸುವ ಕಾಲುಗಳು ಎರಡೆರಡು ಇಂಚು.

ಆ ಪ್ಲಾಸ್ಟಿಕ್ ಸ್ಟೆಪ್ಪನ್ನೇ ಕೊಂಡೆ: ನಾಲ್ಕು, ಆರು, ಎಂಟು. ಆನ್‌ಲೈನಿನಲ್ಲಿ ತರಿಸದೆ ಅಂಗಡಿಗೇ ಹೋಗಿ ಅದರ ಮೇಲೆ ನಿಂತು ನೋಡಿದೆ. ಮಧ್ಯೆ ನಿಂತಾಗ ಬಗ್ಗಬಾರದು, ತುದಿಯಲ್ಲಿ ನಿಂತಾಗ ಇನ್ನೊಂದು ತುದಿ ಏಳಬಾರದು, ಕೆಳಗಿನ ಕಾಲು ಕಟಕ್ಕೆಂದು ಕೂರಬೇಕು. ಎಷ್ಟು ಭಾರ ತಡೆಯುತ್ತದೆ ಎಂದು ಬರೆದಿರುತ್ತಾರಲ್ಲ, ಅದಕ್ಕೆ ನಮ್ಮ ತೂಕದ ಜೊತೆ ಡಂಬೆಲ್ ತೂಕವನ್ನೂ ಸೇರಿಸಿ ಹೋಲಿಸಬೇಕು. ಪಾದ ಪೂರ್ತಿ ಕೂತು ಹಿಂದೆ ಎರಡು ಬೆರಳು ಜಾಗ ಉಳಿಯದಷ್ಟು ಕಿರಿದಾದ ಮಾದರಿಗಳೂ ಇವೆ. ಅವು ಎಷ್ಟೇ ಅಗ್ಗವಾದರೂ ಬೇಡ.

ಎಂಟರ ಮೇಲಿನದ್ದಕ್ಕೆ ನಮ್ಮ ಬೀದಿಯ ಆಚಾರ್ರ ಹತ್ತಿರ ಒಂದು ಪೆಟ್ಟಿಗೆ ಮಾಡಿಸಿದೆ. ಉದ್ದ 24 ಇಂಚು, ಅಗಲ 16, ಎತ್ತರ 12. ಮಗುಚಿ ಇಟ್ಟರೆ ಎತ್ತರ 16 ಆಗುತ್ತದೆ. ಇಡೀ ಮನೆಯಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬರುವ ಸಾಮಾನು ಅದೇ ಅನ್ನಬಹುದು. 18 ಮಿ.ಮೀ. ಪ್ಲೈವುಡ್, ಅದೂ 710 ದರ್ಜೆಯದು, ನೀರಿಗೆ ಬಿರಿಯದಂಥದ್ದು. ಸಾದಾ ಪ್ಲೈ ನಮ್ಮ ಮಳೆಗಾಲದ ತೇವಕ್ಕೆ ಪದರ ಬಿಡುತ್ತದೆ. ಒಳಗೆ ಮಧ್ಯಕ್ಕೊಂದು ಅಡ್ಡಹಲಗೆ, ಮೊಳೆ ಬೇಡ, ಅಂಟು ಹಚ್ಚಿ ಸ್ಕ್ರೂ. ಮೂಲೆಗಳನ್ನು ಉಜ್ಜಿ ಗುಂಡಗೆ ಮಾಡಿಸಿದೆ. "ಎಂತಕ್ಕೆ ಅಮ್ಮಾ ಇದು, ಕೋಳಿ ಸಾಕ್ಲಿಕ್ಕಾ?" ಎಂದು ಆಚಾರ್ರು ಕೇಳಿದರು. ಹತ್ತಿ ಇಳಿಯಲು ಎಂದಾಗ ಮುಖವನ್ನೇ ನೋಡಿದರು.

ಹನ್ನೆರಡಿಂಚಿನಲ್ಲಿ ಸ್ಟೆಪ್ ಅಪ್. ಹಿಂದಿನ ಪಾದವನ್ನು ಅದರ ಮೇಲಿಟ್ಟು ಮುಂದಿನ ಕಾಲಲ್ಲಿ ಕೂತೇಳುವುದಕ್ಕೂ ಅದೇ ಎತ್ತರ. ಹದಿನಾರರಲ್ಲಿ ಬೆನ್ನು ಆನಿಸಿ ಸೊಂಟ ಎತ್ತುವುದು, ಮೆಲ್ಲಗೆ ಕೂತು ಏಳುವುದು. ದಂಡ ಹೊಡೆಯುವವರಿಗೆ ಲೆಕ್ಕ ತಿರುಗುಮುರುಗು: ಕೈ ಎತ್ತರದಲ್ಲಿದ್ದಷ್ಟೂ ಸುಲಭ, ಕಾಲು ಎತ್ತರಕ್ಕೆ ಹೋದಷ್ಟೂ ಕಷ್ಟ. ನಾನು ಹದಿನಾರರ ಮೇಲೆ ಕೈಯಿಟ್ಟು ಶುರುಮಾಡಿ ಈಗ ಎಂಟಕ್ಕೆ ಇಳಿದಿದ್ದೇನೆ. ಮೀನಖಂಡಕ್ಕೆ ನಾಲ್ಕಿಂಚು ಸಾಕು. ಊರಮನೆಯ ಹೊಸ್ತಿಲು ಅದಕ್ಕೆ ಹೇಳಿ ಮಾಡಿಸಿದ ಎತ್ತರವಿದೆ, ಆದರೆ ಅತ್ತೆಯೆದುರು ಹೊಸ್ತಿಲ ಮೇಲೆ ನಿಲ್ಲುವ ಧೈರ್ಯ ಯಾವ ಸೊಸೆಗಿದೆ!

ಜಾರುವ ವಿಷಯ ಬೇರೆಯೇ. ಆಷಾಢದಲ್ಲಿ ರೆಡ್ ಆಕ್ಸೈಡ್ ನೆಲ ಬೆವರುತ್ತದೆ, ಟೈಲ್ಸೂ ಅಷ್ಟೆ. ಯೋಗದ ಮ್ಯಾಟ್ ಮೆತ್ತಗಿರುವುದರಿಂದ ಅದರ ಮೇಲೆ ಸ್ಟೆಪ್ ಅಲುಗಾಡುತ್ತದೆ. ನಾನು ಹಾಕಿರುವುದು ಕೊಟ್ಟಿಗೆಯಲ್ಲಿ ಹಸುಗಳ ಕಾಲಡಿ ಹಾಸುವ ರಬ್ಬರ್ ಮ್ಯಾಟಿನ ತುಂಡು. ದಪ್ಪ, ಗಟ್ಟಿ, ತೊಳೆದು ಒರೆಸಿದರೆ ಒಣಗುತ್ತದೆ. ಮೊದಲ ಕೆಲವು ದಿನ ವಾಸನೆ ಬರುತ್ತದೆ, ಜಗಲಿಯಲ್ಲಿ ಗಾಳಿಗೆ ಹಾಕಿಟ್ಟರೆ ಹೋಗುತ್ತದೆ.

ಡಂಬೆಲ್ ಕೊಳ್ಳುವವರಿಗೆ ನನ್ನ ಸಲಹೆ: ತಟ್ಟೆ ಬದಲಿಸುವಂಥದ್ದನ್ನೇ ಕೊಳ್ಳಿ. ಎರಡು ಕೆ.ಜಿ.ಯ ಬಣ್ಣಬಣ್ಣದ ಜೋಡಿ ತೋಳಿಗೆ ಸರಿ, ಕಾಲಿಗೆ ಅದು ಗೊತ್ತೂ ಆಗುವುದಿಲ್ಲ. ನನ್ನದು ಒಂದೊಂದು ಕೈಗೆ ಎರಡೂವರೆಯಿಂದ ಹತ್ತು ಕೆ.ಜಿ.ವರೆಗೆ ಹೋಗುತ್ತದೆ. ಅಷ್ಟು ಬೇಡವೆಂದರೆ ಐದು ಲೀಟರಿನ ಎಣ್ಣೆ ಕ್ಯಾನಿಗೆ ನೀರು ತುಂಬಿ, ಐದು ಕೆ.ಜಿ.ಯಾಯಿತು. ಕಬ್ಬಿಣದ ಸರಳಿಗೆ ಮಳೆಗಾಲದಲ್ಲಿ ತುಕ್ಕು ಹಿಡಿಯುವುದು ಖಂಡಿತ. ವಾರಕ್ಕೊಮ್ಮೆ ಹೊಲಿಗೆ ಯಂತ್ರದ ಎಣ್ಣೆ ಒರೆಸಿ, ತಿರುಪನ್ನು ಪ್ರತಿ ಸಲ ಬಿಗಿ ಮಾಡಿ. ವ್ಯಾಯಾಮಕ್ಕೆ ಎಳೆಯುವ ರಬ್ಬರ್ ಬ್ಯಾಂಡ್ ಇದ್ದರೆ ಅದಕ್ಕೆ ಬಿಸಿಲು ಆಗದು, ಬಳಸುವ ಮುನ್ನ ಎಳೆದು ಸೀಳು ಬಿಟ್ಟಿದೆಯೇ ನೋಡಬೇಕು. ಪೆಟ್ಟಿಗೆ ಮೇಲೆ ನಿಂತು ಡಂಬೆಲ್ ತಲೆಮೇಲೆ ಎತ್ತುವ ಆಸೆಯಿದ್ದರೆ ಮೊದಲು ಫ್ಯಾನ್ ಎಲ್ಲಿದೆ ನೋಡಿ.

ಅತ್ತೆಗೀಗ ಎಪ್ಪತ್ತೆರಡು. ಮಳೆಗಾಲಕ್ಕೆ ನಮ್ಮಲ್ಲಿಗೆ ಬಂದಾಗ, ಕಿಟಕಿ ಸರಳು ಹಿಡಿದು ನಾಲ್ಕಿಂಚಿನ ಮೇಲೆ ಬಲಗಾಲು ಎಂಟು, ಎಡಗಾಲು ಎಂಟು. "ಇನ್ನೂ ಎರಡಿಂಚು ಏರಿಸ್ಲಾ ಅತ್ತೆ?" ಎಂದರೆ, "ಸುಮ್ನಿರೆ ಮಾರಾಯ್ತಿ, ನಂಗೆ ಬಸ್ಸು ಹತ್ತಕ್ಕಾದ್ರೆ ಸಾಕು" ಅನ್ನುತ್ತಾರೆ. ಬಸ್ಸಿನ ಮೊದಲ ಮೆಟ್ಟಿಲು ನಾಲ್ಕಿಂಚಿಗಿಂತ ಬಹಳ ಎತ್ತರ ಎಂದು ಹೇಳಿದ್ದೇನೆ. ಮುಂದಿನ ಸಲ ಬರುವಾಗ ಟೇಪು ತಗೊಂಡು ಹೋಗಿ ಅಳೆದು ಬರುತ್ತಾರಂತೆ.