ಹಳೇ ಟ್ರ್ಯಾಕ್ಟರ್ ಎರಡು ಕಣ್ಣಿಗೆ ಬಿದ್ದಿವೆ, ಯಾವುದು ತಗೊಳ್ಳಬೇಕು?

ಕಬ್ಬಿನ ಬಿಲ್ಲು ಕೈಗೆ ಬರುತ್ತಿದ್ದಂತೆ ನಮ್ಮ ಮುಧೋಳ, ಜಮಖಂಡಿ ಕಡೆ ಹಳೇ ಟ್ರ್ಯಾಕ್ಟರ್ ನೋಡುವ ಓಡಾಟ ಶುರುವಾಗುತ್ತದೆ. ಈ ಸಲ ನನ್ನ ತಮ್ಮನೂ ಹೊರಟ. ಎರಡು ನೋಡಿ ಬಂದ. ಒಂದು 1999ರ ಮ್ಯಾಸಿ 1035, 36 ಎಚ್‌ಪಿ. ಇನ್ನೊಂದು 2014ರ ಜಾನ್ ಡೀರ್ 5310, 55 ಎಚ್‌ಪಿ. ಎರಡನೆಯದರ ರೇಟು ಮೊದಲನೆಯದರ ದುಪ್ಪಟ್ಟಿಗಿಂತ ಜಾಸ್ತಿ. "ಅಣ್ಣಾ, ಯಾವ್ದು ತಗೊಳ್ಳಲಿ?" ಅಂತ ಕೇಳಿದ.

ನಾಲ್ಕು ವರ್ಷದ ಹಿಂದೆ ನಾನು ಹೊಸ ಬಣ್ಣ ನೋಡಿ ಒಂದು ಟ್ರ್ಯಾಕ್ಟರ್ ತಂದಿದ್ದೆ. ಎರಡೇ ತಿಂಗಳಲ್ಲಿ ನೇಗಿಲು, ಕುಂಟಿ ಎತ್ತುವ ಅದರ ಹೈಡ್ರಾಲಿಕ್ ಕೈಕೊಟ್ಟಿತು, ಬಿತ್ತಿಗೆ ತಪ್ಪಿತು. ಆ ಪಾಡು ತಮ್ಮನಿಗೆ ಬರಬಾರದು ಅಂತ ಜೊತೆಗೆ ಹೋದೆ. ನಾವು ನೋಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಹೊಲ ನೋಡಿ

ಟ್ರ್ಯಾಕ್ಟರ್ ನೋಡುವ ಮೊದಲು ಒಂದು ಹಾಳೆಯಲ್ಲಿ ವರ್ಷದ ಕೆಲಸ ಬರೆಯಿರಿ. ತಮ್ಮನದು ಏಳು ಎಕರೆ ಎರಿ (ಕಪ್ಪು ಮಣ್ಣಿನ) ಹೊಲ. ಕುಂಟಿ, ಬಿತ್ತಿಗೆ, ಸಣ್ಣ ರೋಟಾವೇಟರ್, ಮನೆಯ ಟ್ರಾಲಿ, ಇಷ್ಟೇ ಅವನ ಕೆಲಸ. ಇದಕ್ಕೆ 36 ಎಚ್‌ಪಿ ಸಾಕು. ಎರಡು ಟ್ರಾಲಿ ಕಬ್ಬು ಕಾರ್ಖಾನೆಗೆ ಎಳೆಯಬೇಕು, ಬಾಡಿಗೆಗೆ ಪಲ್ಟಿ ನೇಗಿಲು (ಮಣ್ಣು ಮಗುಚುವ ನೇಗಿಲು) ಹೊಡೆಯಬೇಕು ಅನ್ನುವವರಿಗೆ 55 ಎಚ್‌ಪಿಯೇ ಸರಿ. ಭಾರವೂ ಲೆಕ್ಕಕ್ಕೆ ಬರುತ್ತದೆ. 1035 ಸುಮಾರು 1,700 ಕೆಜಿ, 5310 ಸುಮಾರು 2,100 ಕೆಜಿ. ಹಸಿ ಎರಿ ಮಣ್ಣಿನಲ್ಲಿ ಭಾರದ ಗಾಡಿ ಓಡಾಡಿದಷ್ಟೂ ಕೆಳಗೆ ಮಣ್ಣು ಗಟ್ಟಿಯಾಗುತ್ತದೆ. ತಿಕೋಟಾ ಕಡೆಯ ದ್ರಾಕ್ಷಿ ತೋಟದವರಿಗೆ ಇವೆರಡೂ ಬೇಡ, ಸಾಲಿನ ನಡುವೆ ಮಿನಿ ಟ್ರ್ಯಾಕ್ಟರೇ ಆರಾಮ.

ಮೀಟರ್ ನಂಬಬೇಡಿ, ಕೊಂಡಿ ನೋಡಿ

ನಮ್ಮೂರ ಮಿಸ್ತ್ರಿ ಕಾಕಾ ಜೊತೆಗೆ ಬಂದಿದ್ದರು. ಅವರು ಎಂಜಿನ್ ಕಡೆ ಹೋಗಲೇ ಇಲ್ಲ. ಸೀದಾ ಹಿಂದೆ ಹೋಗಿ ಕೂತರು. "ಮೀಟರ್ ಬಿಡೋ ತಮ್ಮಾ, ಕೊಂಡಿ ನೋಡು" ಅಂದರು. 5310ರ ಹಿಂದೆ ಟ್ರಾಲಿ ಸಿಗಿಸುವ ಕೊಂಡಿಯ ತೂತಿನೊಳಗೆ ಬೆರಳು ಆಡಿಸಿದೆ. ದುಂಡಗಿರಬೇಕಾದ ತೂತು ಮೊಟ್ಟೆಯಂತೆ ಉದ್ದವಾಗಿತ್ತು. ಅಂಚು ಚೂಪಾಗಿತ್ತು. ಅಂದರೆ ಅದು ವರ್ಷಗಟ್ಟಲೆ ತುಂಬಿದ ಟ್ರಾಲಿ ಎಳೆದಿದೆ. ಹಿಂದಿನ ಟೈರಿನ ಹಲ್ಲೂ ನಡುವೆಯೇ ಸವೆದಿತ್ತು, ಅದು ಡಾಂಬರು ರಸ್ತೆಯ ಗುರುತು. ಆಮೇಲೆ ಕಾಕಾ ಹಿಂದಿನ ಆಕ್ಸಲ್ ಕವಚದ ಮೇಲಿನ ಮಣ್ಣು ಕೆರೆದರು. ಬಣ್ಣದ ಕೆಳಗೆ ವೆಲ್ಡಿಂಗ್ ಗೆರೆ! ಇಂಥದ್ದು ಕಂಡರೆ ಕ್ಲಚ್, ಗೇರ್ ಬಾಕ್ಸ್, ಬ್ರೇಕ್ ಮೂರನ್ನೂ ಬಿಚ್ಚಿಸಿ ನೋಡದೆ ಮಾತು ಮುಂದುವರಿಸಬೇಡಿ.

ಗಾಡಿ ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಗಂಟೆ ಮೀಟರ್ ಹಳೇ ಗಾಡಿಗಳಲ್ಲಿ ಎಂಜಿನ್ ತಿರುಗುವ ವೇಗಕ್ಕೆ ತಕ್ಕಂತೆ ಓಡುತ್ತದೆ, ನಿಧಾನ ಓಡಿಸಿದರೆ ಗಂಟೆ ಕಮ್ಮಿ ತೋರಿಸುತ್ತದೆ. ಕೇಬಲ್ ಬಿಚ್ಚಿಟ್ಟರಂತೂ ಮೀಟರ್ ನಿಂತೇ ಬಿಡುತ್ತದೆ. ಕ್ಲಚ್ ಪೆಡಲ್ಲಿನ ಸವೆತ, ಸ್ಟೇರಿಂಗ್ ಹಿಡಿಕೆ, ಸೀಟಿನ ಕೆಳಗಿನ ತಗಡು ಇವು ಹೇಳುವ ವಯಸ್ಸು ಮೀಟರ್‌ಗಿಂತ ನಿಜ.

ಬೆಳಿಗ್ಗೆ ಹೋಗಿ, ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ

ಹೋದ ತಕ್ಷಣ ಎಂಜಿನ್ ಮೇಲೆ ಕೈ ಇಡಿ. ಬಿಸಿಯಿದ್ದರೆ ಮಾರುವವರು ಮೊದಲೇ ಓಡಿಸಿಟ್ಟಿದ್ದಾರೆ ಅಂತ ಅರ್ಥ. ಮರುದಿನ ಬರುತ್ತೇನೆ ಅನ್ನಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆಗೆ ಏರ್ ಫಿಲ್ಟರ್, ಡೀಸೆಲ್ ನಾಜಲ್ ಅಥವಾ ಡೀಸೆಲ್ ಪಂಪ್ ಕಾರಣ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ಭಸಭಸ ಎದ್ದರೆ ಪಿಸ್ಟನ್ ರಿಂಗ್ ಸವೆದಿವೆ. ಅಳತೆ ಕಡ್ಡಿಯಲ್ಲಿ ಆಯಿಲ್ ಹಾಲಿನಂತೆ ಕಂಡರೆ ನೀರು ಸೇರಿದೆ. ಅಂಥದ್ದನ್ನು ಬಿಟ್ಟು ಬನ್ನಿ.

ನಾನು ನಾಲ್ಕು ವರ್ಷದ ಹಿಂದೆ ಮಾಡದೇ ಬಿಟ್ಟ ಪರೀಕ್ಷೆ ಇದು: ಹೈಡ್ರಾಲಿಕ್ಕನ್ನು ಬಿಸಿ ಆದ ಮೇಲೆ ನೋಡಬೇಕು. ತಣ್ಣಗಿನ ಆಯಿಲ್ ದಪ್ಪ, ಸವೆದ ಪಂಪೂ ನೇಗಿಲು ಎತ್ತಿಬಿಡುತ್ತದೆ. ಅರ್ಧ ಗಂಟೆ ಹೊಲದಲ್ಲಿ ಓಡಿಸಿ. ನೇಗಿಲು ಎತ್ತಿ ಎಂಜಿನ್ ಬಂದ್ ಮಾಡಿ. ದೂರ ನಿಂತು ನೋಡಿ, ಎತ್ತಿದ ನೇಗಿಲ ಕೆಳಗೆ ಯಾರೂ ಹೋಗಬಾರದು. ಆ 1035ರಲ್ಲಿ ಐದು ನಿಮಿಷಕ್ಕೆ ನೇಗಿಲು ನೆಲ ಮುಟ್ಟಿತು. ಅಂದರೆ ಅದಕ್ಕೂ ಕೆಲಸ ಇದೆ. ಉಳಿದಂತೆ ಎಂಜಿನ್ ಗಟ್ಟಿ, ಕೊಂಡಿ ತೂತು ದುಂಡಗೇ ಇತ್ತು.

ಡೀಸೆಲ್ ಎಕರೆ ಲೆಕ್ಕದಲ್ಲಿ ನೋಡಿ

"ಗಂಟೆಗೆ ಎಷ್ಟು ಕುಡೀತದ?" ಅಂತ ಎಲ್ಲರೂ ಕೇಳುತ್ತಾರೆ. ಎಕರೆಗೆ ಎಷ್ಟು ಅಂತ ಕೇಳಬೇಕು, ಅಲ್ವಾ? ಟ್ಯಾಂಕ್ ತುಂಬಿಸಿ, ಒಂದು ಎಕರೆ ಹರಗಿಸಿ, ಮತ್ತೆ ತುಂಬಿಸಿ ಅಳೆಯಿರಿ. ಸಣ್ಣದು ಗಂಟೆಗೆ 4 ಲೀಟರ್ ಕುಡಿದು ಒಂದು ಎಕರೆ ಮುಗಿಸಿತು, ದೊಡ್ಡದು 6 ಲೀಟರ್ ಕುಡಿದು ಎರಡು ಎಕರೆ ಮುಗಿಸಿತು ಅಂತಿಟ್ಟುಕೊಳ್ಳಿ, ಆಗ ದೊಡ್ಡದೇ ಅಗ್ಗ. ಆದರೆ ದೊಡ್ಡದಕ್ಕೆ ಸಣ್ಣ ಕುಂಟಿ ಕಟ್ಟಿದರೆ ಡೀಸೆಲ್ ದಂಡ. ಬಿಡಿ ಭಾಗದ ಖರ್ಚೂ ಕೂಡಿಸಿ. 5310ರ ಹಿಂದಿನ ಟೈರು 16.9–28 ಅಳತೆಯದು, ಸಣ್ಣ ಗಾಡಿಯ ಟೈರಿಗಿಂತ ಬಹಳ ತುಟ್ಟಿ.

ಸಂಚಕಾರ ಕೊಡುವ ಮೊದಲು ಕಾಗದ

ಆರ್‌ಸಿಯಲ್ಲಿನ ಚಾಸಿ, ಎಂಜಿನ್ ನಂಬರ್ ಗಾಡಿಯ ಮೇಲೆ ನೀವೇ ಓದಿ ತಾಳೆ ನೋಡಿ. ಹಳೇ ಗಾಡಿಗೆ 15 ವರ್ಷದ ಮೇಲೆ ನೋಂದಣಿ ನವೀಕರಣ ಆಗಿದೆಯೇ ಕೇಳಿ. ಬ್ಯಾಂಕ್ ಸಾಲ ಆರ್‌ಸಿಯಲ್ಲಿ ಇದ್ದರೆ, ಸಾಲ ತೀರಿದೆ ಅಂತ ಬ್ಯಾಂಕ್ ಸಹಿ ಮಾಡಿದ ಫಾರ್ಮ್ 35 ಬೇಕು. ಹೆಸರು ಬದಲಿಸಲು ಫಾರ್ಮ್ 29, 30. ಮಹಾರಾಷ್ಟ್ರದ ಸಾಂಗ್ಲಿ ಕಡೆಯ ಎಂಎಚ್ 10 ನಂಬರಿನ ಗಾಡಿಯಾದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತರಿಸದೆ ದುಡ್ಡು ಕೊಡಬೇಡಿ. ಟ್ರಾಲಿಗೆ ಬೇರೆ ಆರ್‌ಸಿ ಇರುತ್ತದೆ, ಅದನ್ನೂ ಕೇಳಿ ಪಡೆಯಿರಿ.

ತಮ್ಮ 1035 ತಗೊಂಡ. ಹೈಡ್ರಾಲಿಕ್ ರಿಪೇರಿಗೆ ಎಷ್ಟಾಗುತ್ತದೆ ಅಂತ ಕಾಕಾನಿಂದ ಬರೆಸಿಕೊಂಡು ಅಷ್ಟನ್ನು ರೇಟಿನಲ್ಲಿ ಮುರಿಸಿದ. ವರ್ಷಕ್ಕೊಮ್ಮೆ ಪಲ್ಟಿ ಹೊಡೆಸಲು ಪಕ್ಕದ ಹೊಲದವರ ದೊಡ್ಡ ಗಾಡಿಯನ್ನೇ ಬಾಡಿಗೆಗೆ ಹೇಳಿದ್ದಾನೆ.