ಅಳಿವೆಗೂ ಗದ್ದೆಗೂ ತೈಲ ನುಗ್ಗಿದಾಗ ಮಾಡಬೇಕಾದ ಕೆಲಸಗಳು

2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯೊಂದಿಗೆ ಚೆನ್ನೈನ ಮಣಲಿ ಕೈಗಾರಿಕಾ ಪ್ರದೇಶದ ಕಡೆಯ ತೈಲ ಎಣ್ಣೂರು ಅಳಿವೆಯನ್ನು ಸೇರಿದಾಗ, ಅಲ್ಲಿನ ಮೀನುಗಾರರು ಮಗ್ಗು, ಬಕೆಟ್ಟುಗಳಿಂದ ಅದನ್ನು ಎತ್ತಿಹಾಕಬೇಕಾಯಿತು. ಯಾವ ಊರಿನವರಿಗೂ ಆ ಕೆಲಸ ಬರಬಾರದು. ಹೊಸದಾಗಿ ಸೋರಿದ ತೈಲದ ಆವಿ ತಲೆಸುತ್ತು ತರುತ್ತದೆ, ಚರ್ಮ ಉರಿಯುತ್ತದೆ. ಆದ್ದರಿಂದ ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿರಿಸಿ, ಬೆಂಕಿ ಹಚ್ಚದೆ, ಜಿಲ್ಲಾಡಳಿತಕ್ಕೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ತಕ್ಷಣ ಲಿಖಿತವಾಗಿ ತಿಳಿಸಬೇಕು.

ಗದ್ದೆಗೆ ನೀರು ಬರುವ ತೂಬನ್ನು ಕೂಡಲೇ ಮುಚ್ಚಬೇಕು. ಹರಿಯುವ ತೋಡನ್ನು ಪೂರ್ತಿ ಕಟ್ಟಲಾಗದಿದ್ದರೆ, ಮಣ್ಣಿನ ಒಡ್ಡು ಹಾಕಿ ಅದರಲ್ಲಿ ಓರೆಯಾಗಿ ಪೈಪು ಹೂಳಬೇಕು; ಪೈಪಿನ ಒಳಬಾಯಿ ನೀರಿನ ತಳದಲ್ಲಿಯೂ ಹೊರಬಾಯಿ ಎತ್ತರದಲ್ಲಿಯೂ ಇದ್ದರೆ ಕೆಳಗಿನ ನೀರು ಮಾತ್ರ ಹೊರಹೋಗಿ, ತೇಲುವ ತೈಲ ಒಡ್ಡಿನ ಹಿಂದೆ ಉಳಿಯುತ್ತದೆ. ಸಾಬೂನು ಪುಡಿ ಸುರಿದು ತೊಳೆಯುವುದು ಬೇಡವೇ ಬೇಡ, ಏಕೆಂದರೆ ತೈಲವು ಸಣ್ಣ ಹನಿಗಳಾಗಿ ಒಡೆದು ಮರಿಮೀನುಗಳು ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡಗಳಿಗೆ ಇಳಿಯುತ್ತದೆ.

ಆಹಾರದ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ನಿಲ್ಲಿಸಬೇಕಾದದ್ದು ಮರುವಾಯಿ, ಕಲ್ವದಂಥ ಚಿಪ್ಪುಜೀವಿಗಳನ್ನು ಆರಿಸುವುದು. ಮೀನಿನ ಪಿತ್ತಜನಕಾಂಗ ತೈಲದ ವಿಷಾಂಶಗಳನ್ನು ಬಹುಮಟ್ಟಿಗೆ ಒಡೆಯಬಲ್ಲದು. ನೀರನ್ನು ಸೋಸಿ ತಿನ್ನುವ ಚಿಪ್ಪುಜೀವಿಗಳಿಗೆ ಆ ಶಕ್ತಿ ಬಹಳ ಕಡಿಮೆ. ಸೀಮೆಎಣ್ಣೆ ವಾಸನೆ ಬಂದರೆ ಮೀನನ್ನು ಎಸೆಯಲೇಬೇಕು, ಆದರೆ ವಾಸನೆ ಇಲ್ಲವೆಂದ ಮಾತ್ರಕ್ಕೆ ಅದು ಶುದ್ಧವೆಂದು ನಂಬಬಾರದು. ಹುರಿದರೂ ಬೇಯಿಸಿದರೂ ಈ ವಿಷ ಹೋಗುವುದಿಲ್ಲ. ಬಾವಿಯ ನೀರಿಗೂ ಇದೇ ಎಚ್ಚರ ಬೇಕು. ನೈಜೀರಿಯಾದ ಓಗೊನಿ ಪ್ರದೇಶದ ಒಂದು ಊರಿನ ಬಾವಿಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ 900 ಪಟ್ಟಿಗೂ ಹೆಚ್ಚು ಬೆಂಜೀನ್ ಎಂಬ ತೈಲದ ವಿಷಾಂಶ ಇದ್ದುದನ್ನು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2011ರಲ್ಲಿ ವರದಿ ಮಾಡಿತು, ಮತ್ತು ಆ ನೀರನ್ನು ಜನ ಕುಡಿಯುತ್ತಿದ್ದರು.

ಮಣ್ಣಿನ ಕೆಲಸಕ್ಕೆ ತಾಳ್ಮೆ ಬೇಕು. 2020ರ ಮೇ 27ರಂದು ಅಸ್ಸಾಮಿನ ಬಾಗಜಾನ್‌ನಲ್ಲಿ ಅನಿಲ ಬಾವಿ ಸಿಡಿದಾಗ ತೈಲದ ಹನಿಗಳು ಚಹಾ ತೋಟಗಳ ಮೇಲೂ ಮಾಗುರಿ ಬೀಲ್ ಎಂಬ ಜೌಗು ಕೆರೆಯ ನೀರಿನ ಮೇಲೂ ಬಿದ್ದವು. ಇಂಥಲ್ಲಿ ಮೇಲಿನ ದಪ್ಪ ಪದರವನ್ನು ಕೆರೆದು ತೆಗೆಯುವ ಮೊದಲೇ ಉಳುಮೆ ಮಾಡಿದರೆ ತೈಲ ಬೇರಿನ ಆಳಕ್ಕೆ ಇಳಿಯುತ್ತದೆ. ಅದನ್ನು ತೆಗೆದು, ನಿಂತ ನೀರನ್ನು ಬಸಿದ ಮೇಲೆ, ಸಾರಜನಕ ಮತ್ತು ರಂಜಕದ ಗೊಬ್ಬರ ಸೇರಿಸಿ, ತೇವ ಆರದಂತೆ ನೋಡಿಕೊಂಡು ಆಗಾಗ ಮಣ್ಣು ತಿರುವಬೇಕು; ತೈಲವನ್ನು ತಿನ್ನುವ ಬ್ಯಾಕ್ಟೀರಿಯಾಗಳಿಗೆ ಗಾಳಿಯೂ ಬೇಕು, ಸಾರಜನಕವೂ ಬೇಕು. ಗೊಬ್ಬರ ಕೊಡದಿದ್ದರೆ ಅವು ಮಣ್ಣಿನಲ್ಲಿರುವ ಸಾರಜನಕವನ್ನೇ ಬಳಸಿಕೊಳ್ಳುವುದರಿಂದ ಪೈರು ಹಳದಿಯಾಗುತ್ತದೆ. ಪ್ರಯೋಗಾಲಯದ ಪರೀಕ್ಷೆಯಲ್ಲಿ ಮಣ್ಣು ತೇರ್ಗಡೆಯಾಗುವವರೆಗೆ ಸೊಪ್ಪನ್ನೂ ಗೆಡ್ಡೆಗಳನ್ನೂ ಬೆಳೆಯಬಾರದು.

ಇವೆಲ್ಲಕ್ಕೂ ಮೊದಲು, ಅಂದರೆ ಒಂದು ಬಲೆಯನ್ನೂ ತೊಳೆಯುವ ಮುನ್ನ, ದಾಖಲೆ ಮಾಡಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ದಿನಾಂಕ ಕಾಣುವ ಚಿತ್ರಗಳು, ಗಾಜಿನ ಬಾಟಲಿಯಲ್ಲಿ ತಂಪಾಗಿಟ್ಟ ನೀರು, ಕೆಟ್ಟ ಬಲೆ ಮತ್ತು ದೋಣಿಗಳ ಪಟ್ಟಿ, ಹಿಂದಿನ ತಿಂಗಳುಗಳ ಮೀನು ಮಾರಾಟದ ಚೀಟಿಗಳು ಇರಬೇಕು. ಮೀನು ಒಣಗಿಸುವ, ಮಾರುವ ಹೆಂಗಸರ ನಷ್ಟವನ್ನು ಬೇರೆಯಾಗಿ ಬರೆದಿಡಬೇಕು, ಏಕೆಂದರೆ ದೋಣಿಯ ಲೆಕ್ಕ ಮಾತ್ರ ಹಿಡಿದರೆ ಅವರ ಹೆಸರೇ ಬಿಟ್ಟುಹೋಗುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆ, 2010ರ 15ನೇ ಕಲಮಿನಡಿ ಪರಿಹಾರದ ಅರ್ಜಿಯನ್ನು ಕಾರಣ ಮೊದಲು ಉಂಟಾದ ದಿನದಿಂದ 5 ವರ್ಷದೊಳಗೆ ಸಲ್ಲಿಸಬೇಕು.